ಲೆನಾಕ್ಸ್‌ವಿಲ್ ಹತ್ಯೆಗಳು

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲೆನಾಕ್ಸ್‌ವಿಲ್‌ನಲ್ಲಿ ಹೆಲ್ಸ್ ಏಂಜಲ್ಸ್ ಎಂಬ ಬೈಕ್ ಗ್ಯಾಂಗಿನವರು 1985ರ ಮಾರ್ಚ್ 24ರಂದು ತಮ್ಮದೇ ಗ್ಯಾಂಗಿನ ಐವರನ್ನು ಗುಂಡಿಕ್ಕಿ ಕೊಂದ ಪ್ರಕರಣ. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಗ್ಯಾಂಗ್ 1977ರಲ್ಲಿ ಕ್ವಿಬೆಕ್‌ನಲ್ಲಿ ಬೇರೂರಿತ್ತು. ಸತ್ತವರೆಲ್ಲ ಲಾವಲ್ ಘಟಕದವರು. ಮಾರಬೇಕಾದ ಕೊಕೇನನ್ನು ತಾವೇ ಸೇವಿಸುತ್ತಾರೆ, ಬೇರೆ ಘಟಕಗಳಿಗೆ ಸಲ್ಲಬೇಕಾದ ದುಡ್ಡನ್ನು ನುಂಗುತ್ತಾರೆ ಎಂಬುದು ಅವರ ಮೇಲಿದ್ದ ದೂರು. ಸಭೆಗೆಂದು ಕರೆಸಿ ಕೊಂದು, ಹೆಣಗಳನ್ನು ಸ್ಲೀಪಿಂಗ್ ಬ್ಯಾಗುಗಳಲ್ಲಿ ಸುತ್ತಿ, ಭಾರ ಕಟ್ಟಿ ಸೇಂಟ್ ಲಾರೆನ್ಸ್ ನದಿಗೆ ಎಸೆದರು. ಎರಡು ತಿಂಗಳು ಕಳೆದ ಮೇಲೆ ಹೆಣಗಳು ಸಿಕ್ಕವು. ರೆಜಾನ್ ಲೆಸಾರ್, ಲ್ಯೂಕ್ ಮಿಷೋ ಮತ್ತು ಜಾಕ್ ಪೆಲ್ತಿಯೇ ಅವರ ಮೇಲಿನ ಕೊಲೆ ಆರೋಪ 1986ರಲ್ಲಿ ಸಾಬೀತಾಗಿ ಜೀವಾವಧಿ ಶಿಕ್ಷೆಯಾಯಿತು.

ಇದನ್ನು ಅಮಲೇರಿದವರ ಹೊಡೆದಾಟವೆಂದು ಬಗೆದರೆ ಪ್ರಕರಣದ ತಿರುಳೇ ತಪ್ಪಿಹೋಗುತ್ತದೆ. ಕರೆಸಿದ್ದು, ಕೊಂದದ್ದು, ಹೆಣ ಸಾಗಿಸಿದ್ದು ಎಲ್ಲವೂ ಮೊದಲೇ ಗೊತ್ತುಮಾಡಿಕೊಂಡ ಕೆಲಸ. ಕೆಲವರನ್ನು ಉಳಿಸಿ ಬೇರೆ ಘಟಕಕ್ಕೆ ಸೇರಿಸಿಕೊಂಡದ್ದೂ ಅಷ್ಟೇ ಲೆಕ್ಕಾಚಾರದ್ದು. ಇದು ಬಾಕಿ ವಸೂಲಿಯ ಕೊನೆಯ ಹಂತ. ಕಾನೂನುಬಾಹಿರ ಸರಕಿನ ಉದ್ರಿಗೆ ಕೋರ್ಟಿನ ಆಸರೆ ಇಲ್ಲದ್ದರಿಂದ ಅಲ್ಲಿ ಸಾಲಗಾರನ ಜೀವವೇ ಅಡವು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿಯೂ ದಲಾಲಿ ಅಂಗಡಿಯ ಉದ್ರಿ ಉಂಟು, ಕೊಟ್ಟ ಮಾತಿಗೆ ತಪ್ಪುವವರೂ ಉಂಟು. ಆದರೆ ರೈತನ ಕೈಯಲ್ಲಿ ತೂಕ, ದರ ಬರೆದ ಪಟ್ಟಿ ಇರುತ್ತದೆ. ಎಪಿಎಂಸಿಗೆ ಲೈಸೆನ್ಸ್ ರದ್ದುಮಾಡುವ ಅಧಿಕಾರವಿದೆ. ಚೆಕ್ ಬೌನ್ಸ್ ಆದರೆ ಕೇಸು ಹಾಕಬಹುದು. ಗಾಂಜಾ, ಕೊಕೇನ್ ಮಾರುವವನಿಗೆ ಇವು ಯಾವುವೂ ಇಲ್ಲ. ಒಬ್ಬನ ಬಾಕಿ ಬಿಟ್ಟನೆಂದು ಸುದ್ದಿಯಾದರೆ ಉಳಿದವರೂ ಕೊಡುವುದಿಲ್ಲ. ಆದ್ದರಿಂದಲೇ ಬಾಕಿಗಿಂತ ದೊಡ್ಡ ಶಿಕ್ಷೆ.

ಕಾನೂನುಬದ್ಧ ಪೇಟೆಯಲ್ಲಿ ಹಿಂಸೆಯೇ ಇಲ್ಲವೇ ಎಂದು ಕೇಳಬಹುದು. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟವು. ಅದು ಗಂಭೀರವಾದ ಹಿಂಸೆಯೇ, ಆದರೆ ಸಿಟ್ಟು ತಿರುಗಿದ್ದು ಒಂದು ಸಂಸ್ಥೆಯ ಮೇಲೆ. ದೂರು, ತನಿಖೆ, ಮಾತುಕತೆಗೆ ದಾರಿ ಉಳಿದಿತ್ತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೊಂದವರು ಸ್ವಭಾವತಃ ಕ್ರೂರಿಗಳು, ಸಾಲ ನೆಪವಷ್ಟೇ. ಲಾವಲ್ ಘಟಕದ ಈವ್ ಟ್ರುಡೋ ಇದಕ್ಕೆ ಸಾಕ್ಷಿಯಂತೆ ಕಾಣುತ್ತಾನೆ. ಮುಂದೆ 43 ಜನರ ಸಾವಿಗೆ ತಪ್ಪೊಪ್ಪಿಕೊಂಡವನು ಅವನು. ಆದರೆ ಅವನ ಕಥೆಯೇ ಆಕ್ಷೇಪವನ್ನು ಬೀಳಿಸುತ್ತದೆ. ಹತ್ಯೆಗಳು ನಡೆದಾಗ ಅವನು ವ್ಯಸನಮುಕ್ತಿ ಕೇಂದ್ರದಲ್ಲಿದ್ದ. ತನ್ನ ತಲೆಗೂ ಬೆಲೆ ಕಟ್ಟಿದ್ದಾರೆಂದು ತಿಳಿದದ್ದೇ ಪೊಲೀಸರ ಪಕ್ಷ ಸೇರಿದ. ಗ್ಯಾಂಗಿಗಾಗಿ ಅಷ್ಟು ಜನರನ್ನು ಕೊಂದ ಕ್ರೌರ್ಯವೂ ಅವನನ್ನು ಆ ಲೆಕ್ಕದಿಂದ ಹೊರಗಿಡಲಿಲ್ಲ.

ಹಾವೇರಿ, ರಾಣೆಬೆನ್ನೂರಿನಂಥ ಹೆದ್ದಾರಿಯ ಊರುಗಳಲ್ಲಿ ಅಂಥ ಬೈಕ್ ಗ್ಯಾಂಗ್ ಇಲ್ಲವೆಂದು ಈ ಪಾಠವನ್ನು ಬದಿಗಿಡಲಾಗದು. ಉದ್ರಿಯ ಬಲೆಗೆ ಗ್ಯಾಂಗಿನ ಹೆಸರು ಬೇಕಿಲ್ಲ. ನಮ್ಮಲ್ಲಿ ಇಂಥ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಂ, ಸಂಘಟಿತ ಕೃತ್ಯವಾದರೆ 111ನೆಯ ಕಲಂ ಅನ್ವಯಿಸುತ್ತದೆ. ಆದರೆ ಕೊಲೆಗೆ ಮೊದಲೇ ನೆರವಾಗಬಲ್ಲ ಕಾನೂನು ಹೆಚ್ಚು ಜನರಿಗೆ ಗೊತ್ತಾಗಬೇಕು. 1872ರ ಕರಾರು ಕಾಯ್ದೆಯ 23ನೆಯ ಕಲಮಿನಂತೆ ಮಾದಕವಸ್ತುವಿನ ಬಾಕಿ ಕಾನೂನಿನ ಕಣ್ಣಲ್ಲಿ ಸಾಲವೇ ಅಲ್ಲ. ಅದಕ್ಕಾಗಿ ಬೆದರಿಸಿ ಹಣ ಕಿತ್ತರೆ ಸುಲಿಗೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹಿಂತೆಗೆಯಬಹುದು. ಪೊಲೀಸರಿಗೂ ಮಾರುವವನಿಗೂ ಒಟ್ಟಿಗೆ ಹೆದರಿ ಬಾಯಿ ಮುಚ್ಚಿಕೊಂಡಿರುವ ಹುಡುಗನ ಮನೆಯವರಿಗೆ ಈ ಎರಡು ಕಲಮುಗಳನ್ನು ತಿಳಿಸುವುದು ಠಾಣೆ ಮತ್ತು ತಾಲ್ಲೂಕು ಆಸ್ಪತ್ರೆಗಳ ಕೆಲಸವಾಗಬೇಕು.