ಮೈ, ಕೇಜು, ಕ್ಯಾಮೆರಾ

ಕೋಲಾರ ಚಿನ್ನದ ಗಣಿಯ ಊರಿಗಾಂ ಸ್ಟೇಷನ್ನಿನಲ್ಲಿ ಇಳಿಯುವ ಹುಡುಗರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅಂಕಲ್, ನರಾಚಿ ಎಲ್ಲಿ ಬರುತ್ತೆ?’ ನರಾಚಿ ‘ಕೆ.ಜಿ.ಎಫ್.’ ಸಿನಿಮಾದವರು ಕಟ್ಟಿಕೊಂಡ ಹೆಸರು. ನಾನು ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬದ ಕಡೆ ಕೈ ತೋರಿಸುತ್ತೇನೆ. ಅವರು ಅಲ್ಲಿ ಎದೆ ಸೆಟೆಸಿ ನಿಂತು ಫೋಟೊ ತೆಗೆದುಕೊಂಡು ಸಂಜೆ ಗಾಡಿಗೆ ವಾಪಸಾಗುತ್ತಾರೆ. ಹುಡುಗರ ಮೇಲೆ ನನಗೆ ತಕರಾರಿಲ್ಲ, ಇರುವುದು ಓದಿಕೊಂಡವರ ಮೇಲೆ. ಗಣಿಯ ಮನುಷ್ಯನ ಮೈಯನ್ನೂ ಅವನ ಬಂಧನವನ್ನೂ ಕನ್ನಡದ ಕಣ್ಣು ಮೊದಲು ನೋಡಿದ್ದು ಆ ಸಿನಿಮಾ ಬಂದ 2018ರಲ್ಲಿ ಎಂಬ ಮಾತು ಈಗ ವಿಚಾರ ಸಂಕಿರಣಗಳಲ್ಲೂ ಸಲೀಸಾಗಿ ಓಡಾಡುತ್ತಿದೆ. ನಲವತ್ತು ವರ್ಷ ಈ ಊರಲ್ಲಿ ಚಿತ್ರ ಕಲಿಸಿ, ಸಿನಿಮಾ ತೋರಿಸಿ, ಬೈಸಿಕೊಂಡವನಿಗೆ ಇದನ್ನು ಕೇಳಿ ಸುಮ್ಮನಿರುವುದು ಕಷ್ಟ.

ಶುರುವಿನ ಕಾಲವನ್ನು ಬೇಗ ಮುಗಿಸಿಬಿಡೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಫೋಟೊಗಳು ಸಾಲುಸಾಲಾಗಿ ಬಂದವು. ಹೆಡ್‌ಗೇರ್, ಮಿಲ್ಲು, ವೈಂಡರಿನ ದೊಡ್ಡ ಚಕ್ರ. ಚಕ್ರದ ಪಕ್ಕ ಪಂಚೆ ಉಟ್ಟ ಒಬ್ಬ ಆಳು ಕೈ ಕಟ್ಟಿ ನಿಂತಿರುತ್ತಾನೆ. ಚಕ್ರ ಎಷ್ಟು ದೊಡ್ಡದೆಂದು ಲಂಡನ್ನಿನ ಷೇರುದಾರರಿಗೆ ಗೊತ್ತಾಗಲಿ ಎಂದು ನಿಲ್ಲಿಸಿದ ಅಡಿಕೋಲು ಅವನು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದಾಗಲೂ ಬೆಳಕು ಬಿದ್ದದ್ದು ಯಂತ್ರದ ಮೇಲೆ. ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದ ದಲಿತ ಕುಟುಂಬಗಳು ತಟ್ಟಿ ಗುಡಿಸಲುಗಳಲ್ಲಿ ಹೇಗಿದ್ದವೆಂದು ತಿಳಿಯಲು ಫೋಟೊಗಳಿಗಿಂತ ತಮಿಳು ಬರಹವನ್ನೇ ನೆಚ್ಚಬೇಕು. ಅಯೋತಿ ದಾಸರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತ್ತು, ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಪುಸ್ತಕ ಅಚ್ಚು ಹಾಕುತ್ತಿತ್ತು. ಇಲ್ಲಿ ಚಿತ್ರಕ್ಕಿಂತ ಮೊದಲು ಅಕ್ಷರ ಬಂತು. ಕಲೆಯ ಇತಿಹಾಸ ಬರೆಯುವವರು ಆ ಅಕ್ಷರ ಓದದೇ ಹೋದದ್ದಕ್ಕೆ ಭಾಷೆಯೊಂದೇ ಕಾರಣವೆಂದು ನಾನು ನಂಬುವುದಿಲ್ಲ.

ಕಲಾವಿದರು ಬರುವ ಮೊದಲೇ ಕಾರ್ಮಿಕನ ಮೈಯ ಎರಡು ಚಿತ್ರಗಳು ತಯಾರಾಗಿದ್ದವು. ಒಂದು ಹೆಬ್ಬೆಟ್ಟು. ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ಸಾವಿರಾರು ಜನ ಸುಮಾರು ಮೂರು ವಾರ ಮುಷ್ಕರ ಹೂಡಿದರು. ಬೆರಳಚ್ಚು ತೆಗೆಯುವುದು ಕಳ್ಳರದು, ನಮ್ಮದೇಕೆ ಎಂಬುದು ಅವರ ಪ್ರಶ್ನೆ. ಜಾನಕಿ ನಾಯರ್ 1998ರ ತಮ್ಮ ಪುಸ್ತಕದಲ್ಲಿ ಈ ಗಣಿಯ ದುಡಿಮೆ, ಕಾನೂನು, ಶಿಕ್ಷೆಗಳ ಜಾಲವನ್ನು ಬಿಡಿಸಿಟ್ಟಿದ್ದಾರೆ. ನಮ್ಮ ಕಲಾ ವಿಮರ್ಶಕರು ಅದನ್ನು ಕಾರ್ಮಿಕ ಇತಿಹಾಸದ ಕಪಾಟಿಗೆ ಸೇರಿಸಿ ಕೈ ತೊಳೆದುಕೊಂಡರು. ನನ್ನ ಪಾಲಿಗೆ ಆ ಮುಷ್ಕರ ಕಲಾ ಇತಿಹಾಸದ ಘಟನೆಯೇ. ತಮ್ಮ ಮೈಯ ಅಚ್ಚನ್ನು ಇನ್ನೊಬ್ಬ ಎತ್ತಿಟ್ಟುಕೊಳ್ಳುವುದನ್ನು ಒಂದು ಊರಿಗೆ ಊರೇ ಒಲ್ಲೆ ಅಂದ ಇನ್ನೊಂದು ಪ್ರಸಂಗ ನನಗಂತೂ ನೆನಪಾಗುವುದಿಲ್ಲ.

ಎರಡನೆಯದು ಎಕ್ಸ್‌ರೇ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಈ ಗಣಿಗಳಿಂದ. 1947ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಮೀರಿದವರಲ್ಲಿ ಅದರ ಗುರುತು ಸಿಕ್ಕಿತ್ತು. ನಮ್ಮ ಲೈನ್ ಮನೆಯಲ್ಲಿ ಅಪ್ಪನ ಎಕ್ಸ್‌ರೇ ಫಿಲ್ಮು ಕಂದು ಕವರಿನಲ್ಲಿ ಟ್ರಂಕಿನ ಮೇಲೆ ಇರುತ್ತಿತ್ತು. 1980ರ ಫೆಬ್ರವರಿ 16ರಂದು ಸೂರ್ಯಗ್ರಹಣ. ಬೀದಿಯ ಹುಡುಗರೆಲ್ಲ ಅವರವರ ಮನೆಯ ಎಕ್ಸ್‌ರೇ ಹಿಡಿದು ಹೊರಗೆ ಬಂದೆವು. ಅಪ್ಪನ ಪಕ್ಕೆಲುಬುಗಳ ನಡುವೆ, ಹರಳು ಸಕ್ಕರೆ ಉದುರಿಸಿದಂತಿದ್ದ ಬಿಳಿ ಚುಕ್ಕೆಗಳ ಹಿಂದೆ, ಸೂರ್ಯ ಕುಡುಗೋಲಿನ ಹಾಗೆ ಕಂಡ. ಹಾಗೆ ನೋಡಬಾರದು, ಕಣ್ಣು ಹೋಗುತ್ತದೆ ಎಂದು ಆಮೇಲೆ ಯಾರೋ ಬೈದರು. ಚಿತ್ರಶಾಲೆಗೆ ಹೋಗಿ ಮಾನವಾಕೃತಿ ಬರೆಯುವುದನ್ನು ಕಲಿತ ಮೇಲೂ ಮನುಷ್ಯನ ಮೈ ಎಂದರೆ ನನಗೆ ಮೊದಲು ಕಣ್ಣೆದುರು ಬರುವುದು ಆ ಫಿಲ್ಮೇ.

ಅಂದಹಾಗೆ, ಕ್ಯಾಮೆರಾ ಕೆಳಗೆ ಹೋಗಲೇ ಇಲ್ಲ ಅನ್ನುವ ಹಾಗಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರಾಂ ವಿಜ್ಞಾನಿಗಳು ಚಾಂಪಿಯನ್ ರೀಫ್‌ನಲ್ಲಿ ಸುಮಾರು 7,600 ಅಡಿ ಆಳದಲ್ಲಿ ನ್ಯೂಟ್ರಿನೊ ಜಾಡು ಹಿಡಿದರು. ನಿಯಾನ್ ಕೊಳವೆಗಳ ಮಿಣುಕನ್ನು ಫಿಲ್ಮಿಗೆ ಇಳಿಸಿದರು. ಕಣ್ಣಿಗೆ ಕಾಣದ ಕಣಕ್ಕೆ ಸಿಕ್ಕ ಫಿಲ್ಮು ಎದುರಿಗೇ ಬೆವರುತ್ತಿದ್ದವನಿಗೆ ಸಿಗಲಿಲ್ಲ.

ಜನ ತಾವೇ ಬಯಸಿ ತೆಗೆಸಿಕೊಂಡ ಚಿತ್ರ ಬೇರೆ. ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೊಗಳಲ್ಲಿ ಸ್ಟುಡಿಯೊದ್ದೇ ಕೋಟು ತೊಟ್ಟು, ಪ್ಲಾಸ್ಟಿಕ್ ಹೂವಿನ ಪಕ್ಕ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಎಂಟು ಗಂಟೆ ಬಗ್ಗಿ ದುಡಿದವರಿಗೆ ಬೆನ್ನು ನೆಟ್ಟಗೆ ಕಾಣುವುದೇ ಮುಖ್ಯ. ಥಿಯೇಟರಿನಲ್ಲಿ ಎಂ.ಜಿ.ಆರ್. ಇದ್ದರು. 1965ರ ‘ಎಂಗ ವೀಟ್ಟು ಪಿಳ್ಳೈ’ಯಲ್ಲಿ ಅವರು ಚಾವಟಿ ಕಿತ್ತುಕೊಂಡು ಖಳನಿಗೇ ಬಾರಿಸುವಾಗ ಶಿಳ್ಳೆ ಹೊಡೆಯುತ್ತಿದ್ದವರ ಮೊಮ್ಮಕ್ಕಳೇ 2018ರ ಆ ಯಶ್ ಚಿತ್ರಕ್ಕೂ ಶಿಳ್ಳೆ ಹೊಡೆದದ್ದು. ಅದನ್ನು ‘ಹೊಸ ಅಲೆ’ ಎಂದು ಕೊಂಡಾಡುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಈಗ ನನ್ನ ಕಾಲ. ಸ್ವಲ್ಪ ಉದ್ದವಾದರೆ ಓದುಗರು ಸಹಿಸಿಕೊಳ್ಳಬೇಕು.

ಎಂಬತ್ತರ ದಶಕದಲ್ಲಿ ನಾವು ಏಳೆಂಟು ಜನ ಸೇರಿ ಊರಿಗಾಂನಲ್ಲಿ ಒಂದು 16 ಎಂ.ಎಂ. ಪ್ರೊಜೆಕ್ಟರು ಬಾಡಿಗೆಗೆ ತಂದು ಬಿಳಿ ಪಂಚೆಯ ಮೇಲೆ ಸಿನಿಮಾ ತೋರಿಸುತ್ತಿದ್ದೆವು. ಮೊದಲು ತೋರಿಸಿದ್ದು ಬಿ.ವಿ. ಕಾರಂತರ ‘ಚೋಮನ ದುಡಿ’ (1975). ಕರಾವಳಿಯ ಜೀತದಾಳಿನ ಕತೆ. ನಮ್ಮವರಿಗೆ ಆ ಗದ್ದೆಯೂ ಹೊಸದು, ಆ ಕನ್ನಡವೂ ಅರೆಬರೆ. ಕೊನೆಯಲ್ಲಿ ಚೋಮ ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಡಿಯತೊಡಗಿದಾಗ ಗಲಾಟೆ ನಿಂತಿತು. ವಾಸುದೇವರಾಯರ ಮೈ ಅಲ್ಲಿ ಎಲ್ಲಿಗೂ ಹೋಗುವುದಿಲ್ಲ, ಎಲ್ಲವೂ ತೋಳಿನಲ್ಲಿ ಮತ್ತು ಸದ್ದಿನಲ್ಲಿ. ಮುಗಿದ ಮೇಲೆ ನಂದಿದುರ್ಗ ಗಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದ ಒಬ್ಬರು ಬೀಡಿ ಹಚ್ಚಿ ಅಂದರು: ‘ಆ ದುಡಿ ನಮ್ ಮಿಷಿನ್ ಥರಾನೇ ಸಾರ್. ನಿಂತ್ಮೇಲೂ ಕಿವೀಲಿ ಇರ್ತದೆ.’ ಆ ಚಿತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಆಮೇಲೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ತಲೆ ಬೋಳಿಸಿಕೊಂಡ ವಿಧವೆ ಯಮುನಕ್ಕ ಮರದಡಿ ಕೂತಿರುವ ಆ ಕೊನೆಯ ನೋಟ. ಎರಡೂ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಅವರ ಕಪ್ಪು-ಬಿಳುಪಿನಲ್ಲಿ ಕತ್ತಲೆಗೆ ತೂಕವಿತ್ತು. ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಬಂಧನವನ್ನು ಅಡುಗೆಮನೆ, ಹಿತ್ತಲುಗಳ ನಡುವೆ ಕಳೆದ ಇಡೀ ಆಯುಷ್ಯವಾಗಿ ತೋರಿಸಿತು. ಕಾಸರವಳ್ಳಿಯವರದೇ ‘ತಬರನ ಕಥೆ’ಯಲ್ಲಿ ಸರ್ಕಾರಿ ಕಚೇರಿಯ ಮೆಟ್ಟಿಲು ಸವೆಯುತ್ತಿರುವಂತೆ ಇತ್ತ ಹೆಂಡತಿಯ ಕಾಲು ಕೊಳೆಯುತ್ತ ಹೋಗುತ್ತದೆ. ಈ ಚಿತ್ರಗಳಲ್ಲಿ ಕಾವಲುಗಾರನೇ ಇಲ್ಲ. ಬೀಗ ಹಾಕದೆ ಕೂಡಿಹಾಕುವುದು ಹೇಗೆಂದು ಇವು ತಾಳ್ಮೆಯಿಂದ ತೋರಿಸಿದವು. ನಿಧಾನ, ಬೋರು ಎಂದು ಇವನ್ನು ಆಡಿಕೊಳ್ಳುವುದು ಈಗ ಫ್ಯಾಷನ್. ಶಂಕರ್‌ನಾಗ್ ‘ಮಿಂಚಿನ ಓಟ’ದಲ್ಲಿ (1980) ಜೈಲನ್ನು ಓಟದ ಕತೆ ಮಾಡಿದರು. ಅದೂ ಬೇಕು. ಆದರೆ ಓಡಲಾಗದವರ ಕತೆ ಹೇಳಲು ನಿಧಾನವೇ ಬೇಕಾಗುತ್ತದೆ.

ಈ ಪೀಳಿಗೆಗೆ ಜೈಲು ಬರೀ ರೂಪಕವಾಗಿರಲಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. ಅವರಿಗೆ ಉಬ್ಬಸ. ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಉಸಿರಿಗೆ ಕಷ್ಟಪಡುವವರನ್ನು ಮನೆಯಲ್ಲೇ ಕಂಡಿದ್ದ ನಮಗೆ ಆ ಸುದ್ದಿ ದೂರದ್ದು ಅನಿಸಲಿಲ್ಲ. ಅದೇ ದಶಕದಲ್ಲಿ ಸಮುದಾಯ ತಂಡ ಬಿಹಾರದ ದಲಿತರ ಹತ್ಯೆ ಕುರಿತ ‘ಬೆಲ್ಚಿ’ ಬೀದಿನಾಟಕವನ್ನು ಊರೂರಿಗೆ ಒಯ್ದಿತು. ರಂಗಸಜ್ಜಿಕೆ ಇಲ್ಲದೆ ಬರೀ ಮೈಗಳಿಂದಲೇ ಬೇಲಿ, ಬೆಂಕಿ, ಹೆಣ ಎಲ್ಲವನ್ನೂ ಕಟ್ಟಬಹುದೆಂದು ನಾವು ಕಲಿತದ್ದು ಬೀದಿಯಲ್ಲೇ.

ಚಿತ್ರ-ಶಿಲ್ಪದವರು ತಡವಾಗಿ ಬಂದರು, ಆದರೆ ಆಳಕ್ಕೆ ಇಳಿದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ‘ಡಾರ್ಕ್ ರೂಮ್’ (2006) ನನ್ನ ಮಟ್ಟಿಗೆ ಕನ್ನಡ ನಾಡಿನಿಂದ ಬಂದ ಅತ್ಯುತ್ತಮ ಗಣಿ-ಕೃತಿ, ಅದರಲ್ಲಿ ಗಣಿ ಇಲ್ಲದಿದ್ದರೂ. ರಸ್ತೆ ಕೆಲಸದವರು ಬಳಸಿ ಬಿಸಾಡಿದ ಟಾರು ಡ್ರಮ್ಮುಗಳನ್ನೂ ತಟ್ಟಿ ಹರಡಿದ ಅವುಗಳ ತಗಡನ್ನೂ ಸೇರಿಸಿ ಕಟ್ಟಿದ ಕೋಣೆ. ಹೊರಗಿನಿಂದ ಕೋಟೆ, ಒಳಹೋಗಲು ಮೈ ಕುಗ್ಗಿಸಿ ಬಗ್ಗಬೇಕು. ಒಳಗೆ ಕತ್ತಲೆ. ತಲೆ ಎತ್ತಿದರೆ ತಗಡಿಗೆ ಹೊಡೆದ ತೂತುಗಳಲ್ಲಿ ಬೆಳಕು ನಕ್ಷತ್ರದಂತೆ. ಈ ಕೃತಿಯಲ್ಲಿ ಮನುಷ್ಯಾಕೃತಿಯೇ ಇಲ್ಲ. ನೋಡಲು ಬಂದವನ ಬೆನ್ನೇ ಬಗ್ಗುತ್ತದೆ. ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ, ಬ್ರಿಟಿಷರು ಬುಡಕಟ್ಟಿನವರನ್ನು ಅಳೆಯುತ್ತಿದ್ದ ಚೌಕಳಿ ಪರದೆಯ ಮುಂದೆ ಸ್ವತಃ ನಿಲ್ಲುತ್ತಾರೆ. 1930ರ ಹೆಬ್ಬೆಟ್ಟಿನ ಜಗಳಕ್ಕೆ ಎಪ್ಪತ್ತು ವರ್ಷದ ನಂತರ ಬಂದ ಉತ್ತರದಂತೆ ನಾನು ಅದನ್ನು ನೋಡುತ್ತೇನೆ. ಅವರ ಉದ್ದೇಶ ಬೇರೆ ಇದ್ದೀತು, ಇರಲಿ.

ಹೊರಗಿನವರು ಗಣಿಯ ಮೈಯನ್ನು ತೋರಿಸುವ ಈ ಕೆಲಸವನ್ನು ನೇರವಾಗಿ ಮಾಡಿದ್ದರು. ಹೆನ್ರಿ ಮೂರ್ 1940ರ ದಶಕದ ಆರಂಭದಲ್ಲಿ, ಅಪ್ಪ ದುಡಿದ ಕಲ್ಲಿದ್ದಲು ಗಣಿಗೇ ಇಳಿದು ಚಿತ್ರ ಬರೆದ. ದಕ್ಷಿಣ ಆಫ್ರಿಕಾದ ಅರ್ನೆಸ್ಟ್ ಕೋಲ್, 1967ರ ‘ಹೌಸ್ ಆಫ್ ಬಾಂಡೇಜ್’ನಲ್ಲಿ ವೈದ್ಯಕೀಯ ತಪಾಸಣೆಗೆಂದು ಗೋಡೆಗೆ ಮುಖ ಮಾಡಿ ಕೈ ಎತ್ತಿ ಬೆತ್ತಲೆ ನಿಂತ ಚಿನ್ನದ ಗಣಿಯ ಆಳುಗಳನ್ನು ತೋರಿಸಿದ. ಅವನ ದೇಶ ಆ ಪುಸ್ತಕವನ್ನು ನಿಷೇಧಿಸಿತು. ಅಲ್ಲಿಯವನೇ ಆದ ವಿಲಿಯಂ ಕೆಂಟ್ರಿಜ್‌ನ ‘ಮೈನ್’ (1991) ಅನಿಮೇಷನ್ನಿನಲ್ಲಿ ಧಣಿ ಹಾಸಿಗೆಯಲ್ಲೇ ಕಾಫಿ ಪಾತ್ರೆಯ ಹಿಡಿ ಅದುಮುತ್ತಾನೆ; ಅದು ಹಾಸಿಗೆ ತೂರಿ, ನೆಲ ತೂರಿ, ಮಲಗಿದ ಆಳುಗಳ ನಡುವೆ ಇಳಿದು ಗಣಿಯ ಶಾಫ್ಟೇ ಆಗಿಬಿಡುತ್ತದೆ. ನಮ್ಮ ಶಾಫ್ಟುಗಳು ಮೂರು ಕಿಲೋಮೀಟರಿಗೂ ಆಳ ಹೋಗಿದ್ದವು. ಕೆಳಗಿನ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆಳದಲ್ಲಿ ಬಂಡೆ ಸಿಡಿದು ಏರ್‌ಬ್ಲಾಸ್ಟ್ ಆದರೆ ಮೇಲೆ ಲೈನ್ ಮನೆಗಳ ತಟ್ಟೆ-ಲೋಟ ನಡುಗುತ್ತಿದ್ದವು. ಸಾಮಗ್ರಿಗೇನೂ ಕೊರತೆ ಇರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮುಚ್ಚಿದ ಮೇಲೆ ಕ್ಯಾಮೆರಾಗಳು ಬಂದವು! ತುಕ್ಕು ಹಿಡಿದ ಹೆಡ್‌ಗೇರ್, ಗಾಜೊಡೆದ ಬಂಗಲೆ, ಸಂಜೆ ಬಿಸಿಲಲ್ಲಿ ಸೈನೈಡ್ ದಿಬ್ಬ. ಚಂದದ ಚಿತ್ರಗಳೇ. ಆದರೆ ಪಾಳು ಚೆನ್ನಾಗಿ ಕಾಣಬೇಕಾದರೆ ಅಲ್ಲಿ ವಾಸವಿರುವವರು ಚೌಕಟ್ಟಿನಿಂದ ಆಚೆ ಸರಿಯಬೇಕು. ಇಲ್ಲಿಯವರು ಸರಿದು ನಿಂತರು.

ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ (2018, 2022) ಬಂದದ್ದು ಆಮೇಲೆ. ಭುವನ್ ಗೌಡರ ಛಾಯಾಗ್ರಹಣದ ಕಸುಬನ್ನು ಅಲ್ಲಗಳೆಯುವಂತಿಲ್ಲ. ಮಸಿ ಮೆತ್ತಿದ ಮೈಗಳ ಆ ಜಾತ್ರೆಯಲ್ಲಿ ಬ್ರೆಜಿಲ್‌ನ ಸೆರ್ರಾ ಪೆಲಾಡಾ ಚಿನ್ನದ ಗುಂಡಿಯಲ್ಲಿ ಸೆಬಾಸ್ಟಿಯಾವ್ ಸಲ್ಗಾಡೊ ತೆಗೆದ ಚಿತ್ರಗಳ ನೆರಳು ನನಗೆ ಕಾಣುತ್ತದೆ. ತಕರಾರು ಬೇರೆ. ಎತ್ತರದ ಗೋಡೆ, ಬಂದೂಕು, ಚಾವಟಿಗಳ ಜೀತವನ್ನು ಅದು ಈ ಊರಿನ ಹೆಸರಿಗೆ ಅಂಟಿಸಿತು. ಇಲ್ಲಿನವರನ್ನು ಹಿಡಿದಿಟ್ಟದ್ದು ಕೂಲಿ, ಗುತ್ತಿಗೆದಾರನ ಮುಂಗಡ, ಲೈನ್ ಮನೆ, ಗಣಿಯ ಆಸ್ಪತ್ರೆ, ಮಕ್ಕಳ ಸ್ಕೂಲು. ಹೊರಗೆ ಹುಟ್ಟೂರಲ್ಲಿ ಕಾಯುತ್ತಿದ್ದ ಜಾತಿಯೂ ಅಷ್ಟೇ: ವಾಪಸು ಹೋಗುವುದಕ್ಕಿಂತ ಶಾಫ್ಟಿಗೆ ಇಳಿಸುವ ಕೇಜು ವಾಸಿ ಎನ್ನಿಸುವ ಹಾಗೆ. ಚಾವಟಿಯ ಕತೆಗೆ ಒಬ್ಬ ಉದ್ಧಾರಕ ಬೇಕಾಗುತ್ತಾನೆ. ಮೂರು ವಾರ ಹೆಬ್ಬೆಟ್ಟು ಕೊಡದೆ ಕೂತವರಿಗೆ ಅಲ್ಲಿ ಜಾಗವಿರುವುದಿಲ್ಲ. ಪಾ. ರಂಜಿತ್ ಅವರ ತಮಿಳಿನ ‘ತಂಗಲಾನ್’ (2024) ಆ ಮೈಗಳಿಗೆ ಪೂರ್ವಜರನ್ನೂ ನೆಲದ ಹಕ್ಕನ್ನೂ ಕೊಟ್ಟಿತು. ಅದು ದೊಡ್ಡ ಮಾತು. ಆದರೆ ಕತೆ ಹತ್ತೊಂಬತ್ತನೇ ಶತಮಾನದ ನಡುವಿನದು, ಶಾಫ್ಟ್ ತೋಡುವ ಮೊದಲೇ ಮುಗಿಯುತ್ತದೆ.

ಹೀಗೆ ಒಬ್ಬರು ಶಾಫ್ಟಿನ ಮೊದಲು ನಿಂತರು, ಇನ್ನೊಬ್ಬರು ಧೂಳಿನಲ್ಲಿ ನಿಂತರು. ಭುಜಕ್ಕೆ ಭುಜ ತಾಗಿಸಿ ಕೇಜಿನಲ್ಲಿ ನಿಂತವರ ಕಿವಿ ಗುಂಯ್ ಅನ್ನುವ ಆ ಇಳಿತ ಕನ್ನಡದ ತೆರೆಗೆ ಇನ್ನೂ ಬಂದಿಲ್ಲ. ಸರ್ಫೇಸಿನಲ್ಲಿ ದುಡಿದ ಹೆಂಗಸರಿಲ್ಲ. ಶಿಫ್ಟ್ ಮುಗಿದ ಹೂಟರು ಕೇಳಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಹೆಂಗಸರಂತೂ ಇಲ್ಲವೇ ಇಲ್ಲ. ಮಲಗಲಾಗದೆ ರಾತ್ರಿಯೆಲ್ಲ ಗೋಡೆಗೊರಗಿ ಕೂರುವ ಮುದುಕರೂ ಇಲ್ಲ. ಅಗ್ರಹಾರದ ವಿಧವೆಗೆ, ಕರಾವಳಿಯ ಚೋಮನಿಗೆ ಮಿಡಿದ ನನ್ನ ಪ್ರೀತಿಯ ಎಪ್ಪತ್ತು-ಎಂಬತ್ತರ ದಶಕದ ಹೊಸ ಅಲೆಯೂ ಬಂಗಾರಪೇಟೆಯಿಂದ ಇಲ್ಲಿಗೆ ಬರುವ ಈ ಹತ್ತು ಮೈಲಿಯ ಕವಲು ರೈಲು ಹತ್ತಲಿಲ್ಲ. ಇಲ್ಲಿನವರು ಮನೆಯಲ್ಲಿ ಆಡುವುದು ತಮಿಳು. ಕರ್ನಾಟಕಕ್ಕೆ ಚಿನ್ನ ನಮ್ಮದು ಅನಿಸಿದಷ್ಟು ಬೇಗ ಕೆಮ್ಮು ನಮ್ಮದು ಅನಿಸಲಿಲ್ಲ.

ಯಾರಾದರೂ ಶುರು ಮಾಡುವುದಾದರೆ ಸೆಟ್ ಹಾಕಬೇಕಿಲ್ಲ. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ಗಾಡಿ ಹತ್ತಿದರೆ ಸಾಕು. ಚಾಂಪಿಯನ್, ಊರಿಗಾಂ, ಕೋರಮಂಡಲ್‌ಗಳಲ್ಲಿ ಹತ್ತುತ್ತ ಬಂದವರು ಬಂಗಾರಪೇಟೆ ಹೊತ್ತಿಗೆ ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತಾರೆ. ಎಲ್ಲರೂ ಬೆಂಗಳೂರಿನ ಕೆಲಸಕ್ಕೆ. ಅಪ್ಪಂದಿರು ಕೇಜಿನಲ್ಲಿ ನಿಂತ ಹಾಗೆಯೇ, ಟಿಫನ್ ಡಬ್ಬಿ ಎದೆಗೆ ಒತ್ತಿ, ನಿಂತಲ್ಲೇ ನಿದ್ದೆ. ರಾತ್ರಿ ಹಾಗೆಯೇ ವಾಪಸು. ನರಾಚಿ ಎಲ್ಲಿ ಎಂದು ಕೇಳುವ ಹುಡುಗರು ಇಳಿಯುವುದೂ ಅದೇ ಡಬ್ಬಿಗಳಿಂದ.