ಬೆಂಗಳೂರು ದಂಡಿನ ಕ್ರಿಸ್ಮಸ್ ಭೋಜನದಲ್ಲಿ ಟರ್ಕಿ ಕೋಳಿಯ ಸ್ಥಾನ

ಬೆಂಗಳೂರಿನ ದಂಡು ಪ್ರದೇಶದ ಕ್ರೈಸ್ತ ಕುಟುಂಬಗಳಲ್ಲಿ ಡಿಸೆಂಬರ್ 25ರ ಊಟಕ್ಕೆ ಬಾತುಕೋಳಿಯ ರೋಸ್ಟು, ಉಪ್ಪಿನಲ್ಲಿ ಹದಗೊಳಿಸಿದ ನಾಲಗೆ, ಹಂದಿಮಾಂಸದ ವಿಂದಾಲು, ಬಿರಿಯಾನಿ ಮೊದಲಾದವುಗಳು ಬಳಕೆಯಲ್ಲಿವೆ. ಇಂಗ್ಲೆಂಡಿನ ಟರ್ಕಿ ಕೋಳಿ ಇಲ್ಲಿ ದೊರೆಯದುದರಿಂದ ಇವೆಲ್ಲ ಬದಲಿ ಭಕ್ಷ್ಯಗಳಾಗಿ ಹುಟ್ಟಿಕೊಂಡವೆಂಬ ಅಭಿಪ್ರಾಯವು ಸಾಮಾನ್ಯವಾಗಿ ಕೇಳಿಬರುತ್ತದೆ. ಇದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಟರ್ಕಿ ಕೋಳಿಯ ತವರು ಅಮೆರಿಕ ಖಂಡ. ಅದು ಯೂರೋಪನ್ನು ಸೇರಿದುದು 16ನೆಯ ಶತಮಾನದಲ್ಲಿ. ಭಾರತಕ್ಕೂ ಅದು ಬಹು ಹಿಂದೆಯೇ ಬಂದಿತ್ತು. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದೊಪ್ಪಿಸಿದ ಈ ಹಕ್ಕಿಯನ್ನು ಕಂಡು ಬೆರಗಾದ ಜಹಾಂಗೀರನು ತನ್ನ ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನು ಬರೆಯಿಸಿದನು. ಇತ್ತ ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ನಡುಭಾಗದಲ್ಲಿಯೂ ಸಾಮಾನ್ಯ ಜನರ ಹಬ್ಬದ ಹಕ್ಕಿಯೆಂದರೆ ಹೆಬ್ಬಾತು. ಡಿಕನ್ಸನು 1843ರಲ್ಲಿ ಪ್ರಕಟಿಸಿದ ಕ್ರಿಸ್ಮಸ್ ಕಥೆಯಲ್ಲಿ ಬಡ ಗುಮಾಸ್ತನ ಮನೆಯವರು ಉಣ್ಣುವುದು ಹೆಬ್ಬಾತು. ಟರ್ಕಿ ಕೋಳಿ ಅಲ್ಲಿಗೆ ಬರುವುದು ಧನಿಕನ ಕೊಡುಗೆಯಾಗಿ. ಹಾಗಿರುವಲ್ಲಿ, ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಇತ್ತ ತಂದು 1809ರಲ್ಲಿ ದಂಡನ್ನು ಸ್ಥಾಪಿಸಿದಾಗ, ಸಾಮಾನ್ಯ ಆಂಗ್ಲ ಸಿಪಾಯಿಯು ತನ್ನ ಊರಿನಲ್ಲಿಯೇ ಉಣ್ಣದ ಹಕ್ಕಿಗೆ ಇಲ್ಲಿ ಬದಲಿಯನ್ನು ಅರಸಿದನೆಂದು ಹೇಳುವುದು ಯುಕ್ತವಾಗಲಾರದು.

ಸೈನ್ಯದ ಬೆನ್ನಲ್ಲಿಯೇ ಮದರಾಸು ಪ್ರಾಂತದಿಂದ ತಮಿಳು ಮಾತಿನ ಜನರು ಬಂದು ಹಲಸೂರಿನಲ್ಲಿಯೂ ಬ್ಲ್ಯಾಕ್‌ಪಳ್ಳಿಯಲ್ಲಿಯೂ, ಎಂದರೆ ಇಂದಿನ ಶಿವಾಜಿನಗರದಲ್ಲಿಯೂ, ನೆಲೆಸಿದರು. ಟರ್ಕಿಯನ್ನು ‘ವಾನ್‌ಕೋಳಿ’ ಎಂದು ಕರೆಯುವವರು ಇವರೇ; ಹಕ್ಕಿಯ ಪರಿಚಯವಿತ್ತು, ಹಬ್ಬಕ್ಕೆ ಮಾತ್ರ ಅದು ಬೇಕಾಗಿರಲಿಲ್ಲ. 1882ರಲ್ಲಿ ಚಾಮರಾಜೇಂದ್ರ ಒಡೆಯರು ನೀಡಿದ ಸುಮಾರು 3,900 ಎಕರೆ ಭೂಮಿಯಲ್ಲಿ, ಕೃಷ್ಣರಾಜಪುರದ ಆಚೆ, ಆಂಗ್ಲೋ-ಇಂಡಿಯನ್ನರ ವ್ಯವಸಾಯದ ನೆಲೆಯಾಗಿ ವೈಟ್‌ಫೀಲ್ಡ್ ಹುಟ್ಟಿತು.

ಭಕ್ಷ್ಯವನ್ನು ನಿರ್ಣಯಿಸಿದುದು ಬಹುಮಟ್ಟಿಗೆ ಒಲೆ. ಇತಿಹಾಸಕಾರರು ಅಡುಗೆಮನೆಯೊಳಕ್ಕೆ ಇಣುಕುವುದು ಅಪರೂಪವಾದುದರಿಂದ ಈ ಅಂಶವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಆರೇಳು ಕಿಲೋ ತೂಗುವ ಟರ್ಕಿಯನ್ನು ಇಡಿಯಾಗಿ ಸುಡಲು ದೊಡ್ಡ ಗೂಡೊಲೆ ಬೇಕು. ಸಾಲುಮನೆಗಳಲ್ಲಿ ಇದ್ದುದು ಸೌದೆಯ ಇಲ್ಲವೆ ಇದ್ದಲಿನ ಒಲೆ, ದಪ್ಪ ತಳದ ಪಾತ್ರೆ, ಮುಚ್ಚಳದ ಮೇಲೆ ಹರಡುವ ಕೆಂಡ. ಈ ಪಾತ್ರೆಯಲ್ಲಿ ಎರಡು ಕಿಲೋದ ಬಾತುಕೋಳಿ ಸುಖವಾಗಿ ಹಿಡಿಯುತ್ತದೆ. ಟರ್ಕಿಯ ಎದೆಮಾಂಸವು ಬೇಗನೆ ಒಣಗುವುದು; ಬಾತುಕೋಳಿಯಾದರೋ ತನ್ನ ಕೊಬ್ಬಿನಲ್ಲಿ ತಾನೇ ಬೇಯುವುದು. ಮೆಣಸು, ಚಕ್ಕೆ, ಒಣಮೆಣಸಿನಕಾಯಿ, ವಿನಿಗರ್ ಹಾಕಿ ಹದವಾದ ಉರಿಯಲ್ಲಿ ಬೇಯಿಸಿ, ನೀರು ಇಂಗಿದ ಮೇಲೆ ಉಳಿದ ಕೊಬ್ಬಿನಲ್ಲಿಯೇ ಆಲೂಗಡ್ಡೆಯನ್ನು ಕೆಂಪಗೆ ಹುರಿಯುತ್ತಾರೆ. ಗೂಡೊಲೆ ಬೇಕಾಗುತ್ತಿದ್ದುದು ಕೇಕಿಗೆ. ಕಲಸಿದ ಹಿಟ್ಟನ್ನು ತಟ್ಟೆಯಲ್ಲಿಟ್ಟು ಬೇಕರಿಗೆ ಹೊತ್ತೊಯ್ದು ಬೇಯಿಸಿ ತರುವುದು ವಾಡಿಕೆಯಾಗಿತ್ತು.

ತಮಿಳು ಕ್ರೈಸ್ತರ ಮನೆಗಳಲ್ಲಿ ಕುರಿಮಾಂಸದ ಬಿರಿಯಾನಿಯೂ, ಮಂಗಳೂರಿನಿಂದ ಬಂದ ಕೊಂಕಣಿ ಕೆಥೋಲಿಕರಲ್ಲಿ ಸಣ್ಣ ಮತ್ತು ಹಂದಿಮಾಂಸವೂ ಹಬ್ಬದ ಊಟವಾದುವು. ಇವು ಯಾವುವೂ ಟರ್ಕಿಯ ನೆರಳಿನಲ್ಲಿ ಬೆಳೆದವಲ್ಲ. 1933ರಲ್ಲಿ ಪ್ರಾರಂಭವಾದ ರಸೆಲ್ ಮಾರುಕಟ್ಟೆಯಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಟರ್ಕಿಯೂ ಮಾರಾಟಕ್ಕೆ ಬರುವುದುಂಟು, ಕೊಳ್ಳುವವರೂ ಇದ್ದಾರೆ. ಆದರೆ ಅದು ಹಳೆಯ ಪಂಕ್ತಿಗೆ ತಡವಾಗಿ ಬಂದ ಅತಿಥಿ.

ಇನ್ನು ಉಪ್ಪಿನ ಮಾಂಸದ ವಿಚಾರ. ನಾಲಗೆಯನ್ನು ಚುಚ್ಚಿ, ಉಪ್ಪು, ಪೆಟ್ಲುಪ್ಪು, ಬೆಲ್ಲ, ನಿಂಬೆರಸ ಉಜ್ಜಿ, ಮೇಲೆ ಭಾರವನ್ನಿಟ್ಟು, ದಿನಕ್ಕೊಮ್ಮೆ ಮಗುಚುತ್ತ ಒಂದು ವಾರಕ್ಕೂ ಮೇಲ್ಪಟ್ಟು ಹದಗೊಳಿಸಿ ಬೇಯಿಸುವರು. ಎತ್ತಿನ ಹಿಣಿಲನ್ನೂ ಹೀಗೆಯೇ ಉಪ್ಪಿಗೆ ಹಾಕುತ್ತಿದ್ದರು. ಯೂಲ್ ಮತ್ತು ಬರ್ನೆಲ್ ಅವರು 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಕಲ್ಕತ್ತೆಯಿಂದ ರಫ್ತಾಗುತ್ತಿದ್ದ ಉಪ್ಪು ಹಾಕಿದ ಹಿಣಿಲುಗಳ ಉಲ್ಲೇಖವಿದೆ. ಇಂಗ್ಲೆಂಡಿನ ದನಗಳಿಗೆ ಹಿಣಿಲೇ ಇಲ್ಲವೆಂಬುದು ಇಲ್ಲಿ ಗಮನಾರ್ಹ. ಆ ದೇಶದಲ್ಲಿ ಮೂಲವೇ ಇಲ್ಲದ ಭಕ್ಷ್ಯವನ್ನು ಯಾವುದರ ಬದಲಿಯೆಂದು ಕರೆಯುವುದು?

ಈ ಭಕ್ಷ್ಯದ ಗತಿಯನ್ನು ಮುಂದೆ ನಿರ್ಧರಿಸಿದುದು ಶಾಸನ. ದಂಡು ಪ್ರದೇಶವು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. 1964ರ ಕಾಯಿದೆಯು ಗೋವು ಮತ್ತು ಕರುಗಳ ವಧೆಯನ್ನು ನಿಷೇಧಿಸಿದರೂ 12 ವರ್ಷ ಮೀರಿದ ಇಲ್ಲವೆ ಕೆಲಸಕ್ಕೆ ಬಾರದ ಎತ್ತುಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆಯು ಎತ್ತುಗಳನ್ನೂ ನಿಷೇಧದೊಳಕ್ಕೆ ತಂದು, 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗಿಟ್ಟಿತು. ಎಮ್ಮೆಗೆ ಹಿಣಿಲಿಲ್ಲ. ಹೀಗೆ ದಂಡಿನ ಹಬ್ಬದ ಊಟದಿಂದ ಹಿಣಿಲು ಮರೆಯಾಗಿ, ಅದರ ಜೊತೆಯ ನಾಲಗೆಯು ಎಮ್ಮೆಯದಾಗಿ ಉಳಿದುಕೊಂಡಿತು.