ಮಡಚಿದ ಪೇಪರಿನ ಒಳಪುಟ

ಮುಂಬಯಿಯ ಲೋಕಲ್ ಗಾಡಿಯಲ್ಲಿ ಪೇಪರು ಓದುವುದೂ ಒಂದು ವಿದ್ಯೆ ಮಾರಾಯ್ರೆ. ಪಕ್ಕದವನ ಮೂಗಿಗೆ ತಾಗದ ಹಾಗೆ ಉದ್ದಕ್ಕೆ ಮಡಚಿ ಹಿಡಿಯಬೇಕು. 2005ರಲ್ಲಿ ಮುಂಬಯಿ ಮಿರರ್ ಶುರುವಾದ ಮೇಲೆ ಈ ಮಡಿಕೆಗೆ ಇನ್ನೊಂದು ಉಪಯೋಗವೂ ಸಿಕ್ಕಿತು. ಅದರಲ್ಲಿ ಡಾ. ಮಹಿಂದರ್ ವಾತ್ಸಾ ಅವರ 'ಆಸ್ಕ್ ದಿ ಸೆಕ್ಸ್‌ಪರ್ಟ್' ಅಂಕಣ ಬರುತ್ತಿತ್ತು. ಹೊರಗೆ ಕ್ರಿಕೆಟ್ ಸುದ್ದಿ, ಒಳಗೆ ವಾತ್ಸಾ! ಹಾಗೆ ಓದಿದವರಲ್ಲಿ ನಾನೂ ಒಬ್ಬ.

ಸಂಸಾರದ ಸಲಹೆ ಅಂದರೆ ಹೆಂಗಸರ ಪತ್ರಿಕೆಯ ಸರಕು, ಗಂಡಸರು ಅದನ್ನೆಲ್ಲ ಓದುವುದಿಲ್ಲ ಅನ್ನುವುದು ನಮ್ಮ ಮಾಮೂಲು ಮಾತು. ವಾತ್ಸಾ ಅವರೂ 1960ರ ದಶಕದಲ್ಲಿ ಮಹಿಳಾ ಪತ್ರಿಕೆಗಳಿಂದಲೇ ಶುರು ಮಾಡಿದವರು. ಆದರೆ ಮಿರರ್‌ನಲ್ಲಿ ನಾನು ಓದಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಂಡಸರದ್ದೇ. ಅಳತೆ, ಶಕ್ತಿ, ಹಸ್ತಮೈಥುನ, ಮೊದಲ ರಾತ್ರಿಯ ಭಯ... ಅವರ ಉತ್ತರ ಎರಡೇ ಸಾಲು, ಅದರಲ್ಲೊಂದು ಚಟಾಕಿ. 2020ರ ಡಿಸೆಂಬರ್ 28ರಂದು, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇದೆಲ್ಲ ಹೊಸ ಕಾಲದ ಚಟ ಅಂದುಕೊಂಡಿದ್ದೆ. ಆಫೀಸಿನ ಮರಾಠಿ ಮಿತ್ರರೊಬ್ಬರು ನಕ್ಕು, ರಘುನಾಥ ಧೋಂಡೋ ಕರ್ವೆ ಅವರ ಹೆಸರು ಹೇಳಿದರು. ಮಹರ್ಷಿ ಕರ್ವೆಯವರ ಮಗ, ಗಣಿತದ ಪ್ರೊಫೆಸರ್. 1921ರಲ್ಲೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದವರು. ಈ ಕೆಲಸಕ್ಕಾಗಿ ಕಾಲೇಜಿನ ನೌಕರಿಯೂ ಹೋಯಿತು. 1927ರಿಂದ, 1953ರಲ್ಲಿ ಸಾಯುವ ತನಕ, 'ಸಮಾಜ ಸ್ವಾಸ್ಥ್ಯ' ಎಂಬ ಮಾಸಿಕ ನಡೆಸಿದರು. ಅದರಲ್ಲಿ ಓದುಗರ ಪ್ರಶ್ನೋತ್ತರವೂ ಇತ್ತು. ಹಸ್ತಮೈಥುನ, ಸಲಿಂಗಕಾಮದ ಬಗ್ಗೆ ಕೊಟ್ಟ ಉತ್ತರಗಳಿಗಾಗಿ 1934ರಲ್ಲಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಅವರ ಪರ ವಾದಿಸಿದ ವಕೀಲರು ಯಾರು ಗೊತ್ತೇ? ಡಾ. ಅಂಬೇಡ್ಕರ್! ಓದುಗ ಕೇಳಿದ ಸಂಶಯಕ್ಕೆ ಉತ್ತರ ಕೊಡುವುದು ಅಶ್ಲೀಲವಲ್ಲ ಎಂಬುದು ವಾದದ ತಿರುಳು. ಕೇಸು ಸೋತಿತು, ಕರ್ವೆಗೆ 200 ರೂಪಾಯಿ ದಂಡ ಬಿತ್ತು.

ಇದನ್ನು ಕೇಳಿದಾಗ ನನಗೆ ನಗು ಬರಲಿಲ್ಲ. 1980ರ ದಶಕದಲ್ಲಿ ಚಾಳಿನ ಕೋಣೆಯಲ್ಲಿ ನನ್ನ ಜೊತೆಗಿದ್ದ ಊರಿನ ಹುಡುಗ ನೆನಪಾದ. ಮದುವೆ ನಿಶ್ಚಯವಾದದ್ದೇ ಅವನಿಗೆ ಹೆದರಿಕೆ ಹತ್ತಿತು. ಸ್ವಪ್ನಸ್ಖಲನದಿಂದ ತಾನು ಪೊಳ್ಳಾಗಿದ್ದೇನೆ ಅಂತ. ರೈಲು ಹಳಿಯ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತು ನೋಡಿ ಒಬ್ಬ ವೈದ್ಯನ ಹತ್ತಿರ ಹೋದ. ಮೂರು ತಿಂಗಳ ಸಂಬಳ ಲೇಹ್ಯಕ್ಕೆ ಹೋಯಿತು. ಊರಿಗೆ ಸುಳ್ಳು ಕಾಗದ ಬರೆದು ಎರಡು ಸಲ ಮದುವೆ ಮುಂದೆ ಹಾಕಿದ. ಮೂರನೆಯ ಸಲ ಹುಡುಗಿಯ ಮನೆಯವರು ಕಾಯಲಿಲ್ಲ.

ಅದೇ ಹೆದರಿಕೆ ನನಗೂ ಇತ್ತು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಆದರೆ ಇದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ, ಇದು ಎಲ್ಲರಿಗೂ ಆಗುವುದೇ ಅಂತ ಇಬ್ಬರಿಗೂ ಗೊತ್ತಾಗುತ್ತಿತ್ತು. ಕನ್ನಡದಲ್ಲೂ ಡಾ. ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ' ಇತ್ತು. ನಮ್ಮ ಸಂಘದ ಲೈಬ್ರರಿಯಲ್ಲಿ ಕೇಳೋಣವೆಂದರೆ, ಕಪಾಟಿನ ಕೀಲಿ ನನ್ನ ಸೋದರಮಾವನ ಸ್ನೇಹಿತರ ಕೈಯಲ್ಲಿ!

ಹಾಗಾಗಿ ಗಂಡಸರು ಇಂಥದ್ದನ್ನು ಓದುತ್ತಾರಾ ಅಂತ ಯಾರಾದರೂ ಕೇಳಿದರೆ, ಓದುತ್ತಾರೆ ಅಂತಲೇ ನನ್ನ ಉತ್ತರ. ಕರ್ವೆ ಕಾಲದಿಂದಲೂ ಓದಿದ್ದಾರೆ, ಕೇಳಿದ್ದಾರೆ. ಓದಿದೆ ಅಂತ ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಆ ಮೌನದ ಲಾಭವೆಲ್ಲ ಲೇಹ್ಯ ಮಾರುವವನಿಗೆ.

ನಾನಂತೂ ಒಪ್ಪಿಕೊಂಡೆ. ನೀವು ಪೇಪರನ್ನು ಹೇಗೆ ಮಡಚುತ್ತಿದ್ದಿರಿ?